ವೈಲ್ಡ್‌ಫ್ರಾಸ್ಟ್: ವಿಮರ್ಶಕರು ಮೆಚ್ಚಿದ ಆಟದ ಮೇಲೆ ಆಟಗಾರರು ಸಿಟ್ಟಾದದ್ದು ಏಕೆ?

(ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು ಮತ್ತು ಊರು.)

ತುಂಗಾತೀರ, ಶಿವಮೊಗ್ಗ

ತುಂಗೆ ಮಳೆಗೆ ತುಂಬಿ ಕೋರ್ಪಲಯ್ಯನ ಛತ್ರದ ಮಂಟಪವನ್ನು ಮುಟ್ಟಿದ ದಿನದಿಂದ ಸಂಜೆ ಹೊರಗೆ ಹೋಗುವುದು ನಿಂತಿದೆ. ಅಂದಿನಿಂದ ವೈಲ್ಡ್‌ಫ್ರಾಸ್ಟ್ ಎಂಬ ವಿಡಿಯೊ ಗೇಮ್ ಆಡುತ್ತಿದ್ದೇನೆ. ಕಾರ್ಡುಗಳನ್ನು ಒಂದೊಂದಾಗಿ ಸೇರಿಸಿಕೊಂಡು ಡೆಕ್, ಅಂದರೆ ನಮ್ಮದೇ ಕಾರ್ಡುಗಳ ಕಂತೆ, ಕಟ್ಟಬೇಕು, ಅವೇ ಕಾರ್ಡುಗಳನ್ನು ರಣರಂಗದಲ್ಲಿ ನಿಲ್ಲಿಸಿ ತಂತ್ರ ಹೂಡಬೇಕು. ಸೂರ್ಯ ಹೆಪ್ಪುಗಟ್ಟಿ ಹೋದ ಒಂದು ಕಲ್ಪನೆಯ ಲೋಕ. ಸ್ನೋಡ್ವೆಲ್ ಎಂಬ ಊರಿನಿಂದ ನಾಯಕ ಅಥವಾ ನಾಯಕಿಯೊಬ್ಬರನ್ನು ಆರಿಸಿಕೊಂಡು, ದಾರಿಯಲ್ಲಿ ಸಿಕ್ಕ ಗೆಳೆಯರನ್ನು ಕೂಡಿಸಿಕೊಂಡು, ಚಳಿಯ ವಿರುದ್ಧ ಹೊರಡಬೇಕು.

ಆಟ ಬಂದದ್ದು 2023ರ ಏಪ್ರಿಲ್ 12ರಂದು, ಕಂಪ್ಯೂಟರಿಗೆ ಮತ್ತು ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರಕ್ಕೆ. ಡೆಡ್‌ಪ್ಯಾನ್ ಗೇಮ್ಸ್ ಮತ್ತು ಗಜೀಟರ್ ಸೇರಿ ಮಾಡಿದ್ದು, ಚಕಲ್‌ಫಿಶ್ ಪ್ರಕಟಿಸಿದ್ದು. ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿ ಬರೆದರು. ಚಿತ್ರಗಳ ಮುದ್ದುತನ, ಯುದ್ಧದ ಬಿಗಿ, ಪುಟ್ಟ ಕಾರ್ಡೊಂದರಲ್ಲಿ ಅಡಗಿರುವ ಸಾಧ್ಯತೆಗಳನ್ನು ಹೊಗಳಿದರು. ಅದೇ ವಾರ, ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ, ಆಟಗಾರರ ಒಟ್ಟು ಅಭಿಪ್ರಾಯ ‘ಮಿಶ್ರ’ ಎಂದು ಕಾಣಿಸಿಕೊಂಡಿತು. ವಿಪರೀತ ಕಷ್ಟ, ಅನ್ಯಾಯದ ಸೋಲು ಎಂಬುದೇ ದೂರುಗಳ ತಿರುಳು.

ಈ ಎರಡು ತೀರ್ಪುಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ಹೇಳುವವರು ಇಬ್ಬದಿಯಲ್ಲೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಬ್ಬರೂ ತಾವು ಆಡಿದ ಆಟದ ಬಗ್ಗೆ ನಿಜವನ್ನೇ ಬರೆದಿದ್ದಾರೆ, ಆದರೆ ಇಬ್ಬರೂ ಆಡಿದ್ದು ಆಟದ ಬೇರೆ ಬೇರೆ ಭಾಗ. ವಿಮರ್ಶಕನಿಗೆ ಕೊನೆಯವರೆಗೆ ಹೋಗುವುದು ಕೆಲಸ. ಹತ್ತು ಸಲ ಸೋತರೂ ಹನ್ನೊಂದನೆಯ ಸಲ ಕೂರುತ್ತಾನೆ. ದುಡ್ಡು ಕೊಟ್ಟು ಕೊಂಡವನಿಗೆ ಆ ಕಟ್ಟುಪಾಡಿಲ್ಲ. ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು. ಹೊಸಬನಿಗೆ ಆ ಎರಡು ಗಂಟೆಯಲ್ಲಿ ಈ ಆಟ ತೋರಿಸುವುದು ಮೂರೋ ನಾಲ್ಕೋ ಸೋಲುಗಳನ್ನು, ಅಷ್ಟೇ. ಅಲ್ಲಿಗೆ ಅವನ ತೀರ್ಮಾನವೂ ಮುಗಿದಿರುತ್ತದೆ.

ಸೋಲು ಹೇಗಿರುತ್ತದೆ ಎಂದು ನನ್ನದೇ ಒಂದನ್ನು ಬಿಡಿಸಿ ಹೇಳುತ್ತೇನೆ. ರಣರಂಗದಲ್ಲಿ ಎರಡೂ ಕಡೆಗೆ ಎರಡೆರಡು ಸಾಲು, ಸಾಲಿಗೆ ಮೂರು ಜಾಗ. ಅಲ್ಲಿ ನಿಲ್ಲುವವರ ಕಾರ್ಡಿನ ಮೇಲೆ ಸಾಮಾನ್ಯವಾಗಿ ಜೀವ, ಪೆಟ್ಟಿನ ಬಲ, ಎಣಿಕೆ ಎಂದು ಮೂರು ಅಂಕಿಗಳು. ಸರದಿ ಕಳೆದಂತೆ ಎಣಿಕೆ ಒಂದೊಂದೇ ಇಳಿಯುತ್ತದೆ. ಸೊನ್ನೆಗೆ ಬಂದಾಗ ಆ ಕಾರ್ಡು ತನ್ನ ಸಾಲಿನ ಎದುರಿಗಿರುವ ಮೊದಲನೆಯವರಿಗೆ ಹೊಡೆಯುತ್ತದೆ. ನನ್ನ ನಾಯಕಿ ಮುಂದೆ ನಿಂತಿದ್ದಳು, ಜೀವ ಆರು. ಎದುರಿಗೆ ಒಂದು ಪ್ರಾಣಿ, ಬಲ ನಾಲ್ಕು. ಅದರ ಬೆನ್ನಿಗೆ ಇನ್ನೊಂದು, ಬಲ ಮೂರು. ನಾಲ್ಕು ಬಿದ್ದರೆ ಎರಡು ಉಳಿಯುತ್ತದೆ ಎಂದು ಲೆಕ್ಕ ಹಾಕಿ ದಾಳಿಯ ಕಾರ್ಡು ಇಟ್ಟೆ. ಹಿಂದಿನದರ ಎಣಿಕೆಯೂ ಅದೇ ಹೊತ್ತಿಗೆ ಸೊನ್ನೆಗೆ ಬರುತ್ತದೆ ಎಂದು ನೋಡಿರಲಿಲ್ಲ. ನಾಲ್ಕು, ಮೂರು, ಏಳು. ನಾಯಕಿ ಬಿದ್ದಳು. ನಾಯಕಿ ಬಿದ್ದರೆ ಇಡೀ ಪ್ರಯಾಣವೇ ಮುಗಿಯಿತು. ಮುಕ್ಕಾಲು ಗಂಟೆ ಕಟ್ಟಿದ ಡೆಕ್ ಎರಡು ಸೆಕೆಂಡಿನಲ್ಲಿ ಹೋಯಿತು.

ಆಮೇಲೆ ತಿಳಿದದ್ದು ಇದು: ರಣರಂಗದಲ್ಲಿ ಈಗಾಗಲೇ ಇರುವವರ ಜಾಗ ಬದಲಿಸಲು ಸರದಿ ಖರ್ಚಾಗುವುದಿಲ್ಲ. ನಾಯಕಿಯನ್ನು ಹಿಂದಕ್ಕೆ ಸರಿಸಿ, ಎಂಟು ಜೀವದ ಗೆಳೆಯನನ್ನು ಮುಂದೆ ನಿಲ್ಲಿಸಿದ್ದರೆ ಇಬ್ಬರೂ ಉಳಿಯುತ್ತಿದ್ದರು. ಅಂಕಿಗಳೆಲ್ಲ ಕಣ್ಣೆದುರಿಗೇ ಇದ್ದವು. ಆದರೂ ಆ ಕ್ಷಣದಲ್ಲಿ ನನಗೆ ಅನ್ನಿಸಿದ್ದು ‘ಮೋಸ’ ಎಂದೇ. ಈ ಅನಿಸಿಕೆಯ ಬಗ್ಗೆ ನಿಮ್ಮೆಲ್ಲರ ಮಾತು ಕೇಳಬೇಕಾಗಿದೆ.

ಕೆರೆದಂಡೆ, ಸಾಗರ

ನಾನು ಆ ‘ಮಿಶ್ರ’ದಲ್ಲಿ ಸೇರಿದವನು. ಒಂದು ಗಂಟೆ ಐವತ್ತು ನಿಮಿಷಕ್ಕೆ ಹಣ ವಾಪಸು ಪಡೆದೆ. ಅದಕ್ಕೆ ಈಗಲೂ ಪಶ್ಚಾತ್ತಾಪವಿಲ್ಲ.

ಅಂಕಿಗಳು ಕಣ್ಣೆದುರಿಗೇ ಇದ್ದವು ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ಕಣ್ಣೆದುರಿಗೆ ಇಡುವುದೂ ಕಾಣುವಂತೆ ಮಾಡುವುದೂ ಒಂದೇ ಅಲ್ಲ. ಇದೇ ಬಗೆಯ ಇನ್ನೊಂದು ಕಾರ್ಡಿನಾಟ ಸ್ಲೇ ದ ಸ್ಪೈರ್‌ನಲ್ಲಿ ಶತ್ರುವಿನ ತಲೆಯ ಮೇಲೆ ಅವನು ಈ ಸರದಿಯಲ್ಲಿ ಏನು ಮಾಡಲಿದ್ದಾನೆ, ಎಷ್ಟು ಪೆಟ್ಟು ಕೊಡಲಿದ್ದಾನೆ ಎಂದು ಬರೆದಿರುತ್ತದೆ. ನೋಡಿದೆ, ತಡೆದೆ, ಮುಗಿಯಿತು. ಇಲ್ಲಿ ಐದಾರು ಕಾರ್ಡುಗಳ ಎಣಿಕೆಯನ್ನು ನಾನೇ ಕೂಡಿಸಿ, ಯಾವ ಸಾಲಿನಲ್ಲಿ ಯಾರು ಮೊದಲು ನಿಂತಿದ್ದಾರೆ ಎಂದು ನೋಡಿ, ಎಣಿಕೆಯನ್ನು ತಡೆಹಿಡಿಯುವ ಹಿಮ ಬಿದ್ದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿದು ತಿಳಿದುಕೊಳ್ಳಬೇಕು. ಇದರ ಮೇಲೆ ಶತ್ರುಗಳ ಹೊಸ ಅಲೆ ಯಾವಾಗ ಬರುತ್ತದೆ ಎಂಬ ಇನ್ನೊಂದು ಎಣಿಕೆ. ನನ್ನ ಕೈಯಿಂದ ಸರದಿಗೆ ಸಾಮಾನ್ಯವಾಗಿ ಒಂದೇ ಕಾರ್ಡು.

ನನ್ನನ್ನು ನಿಜವಾಗಿ ನೋಯಿಸಿದ್ದು ಗಾಯದ ನಿಯಮ. ಯುದ್ಧದಲ್ಲಿ ಬಿದ್ದ ಗೆಳೆಯ ಮುಂದಿನ ಯುದ್ಧಕ್ಕೆ ಗಾಯಾಳುವಾಗಿ, ಬಲ ಕುಂದಿ ಬರುತ್ತಾನೆ. ಒಂದು ತಪ್ಪಿಗೆ ಎರಡು ಸಲ ದಂಡ. ಎಡವಿದವನು ಏಳುವ ಹೊತ್ತಿಗೆ ಇನ್ನೊಂದು ಹೊರೆ ಹೊರಿಸಿದರೆ ಅವನು ಕಲಿಯುವುದು ಯಾವಾಗ? ನಾನು ಕಷ್ಟಕ್ಕೆ ಹೆದರುವವನಲ್ಲ. ಇನ್‌ಟು ದ ಬ್ರೀಚ್ ಎಂಬ ತಂತ್ರದ ಆಟವನ್ನು ಅತಿ ಕಠಿಣ ಮಟ್ಟದಲ್ಲಿ ಮುಗಿಸಿದ್ದೇನೆ. ಅಲ್ಲಿ ಸೋತಾಗ ಯಾವ ಹೆಜ್ಜೆಯಲ್ಲಿ ಸೋತೆ ಎಂದು ಬೆರಳಿಟ್ಟು ತೋರಿಸಬಲ್ಲೆ. ಇಲ್ಲಿ ತೋರಿಸಲು ಆಗಲಿಲ್ಲ.

ಎರಡನೇ ಪಾಳಿ, ಭದ್ರಾವತಿ

ವಿಮರ್ಶಕರ ಮೆಚ್ಚುಗೆ ಒಂದು ದಾರಿ, ಜನರದ್ದು ಇನ್ನೊಂದು ದಾರಿ ಆಗಿರುವುದು ಈ ಬಗೆಯ ಆಟಗಳಲ್ಲಿ ಇದೇ ಮೊದಲಲ್ಲ. 2022ರ ಡಿಸೆಂಬರ್‌ನಲ್ಲಿ ಬಂದ ಮಾರ್ವೆಲ್ಸ್ ಮಿಡ್‌ನೈಟ್ ಸನ್ಸ್ ನೆನಪಿಸಿಕೊಳ್ಳಿ. ಎಕ್ಸ್‌ಕಾಮ್ ಎಂಬ ತಂತ್ರದ ಆಟ ಮಾಡಿದ ಫಿರಾಕ್ಸಿಸ್ ಕಂಪನಿಯವರದ್ದು, ಕಾರ್ಡಿನ ಮೂಲಕ ನಡೆಯುವ ತಂತ್ರದ ಯುದ್ಧ, ವಿಮರ್ಶೆಗಳು ಚೆನ್ನಾಗಿದ್ದವು, ಮಾರಾಟ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. ಅಲ್ಲಿ ಆಡಿದವರು ಬೈಯಲಿಲ್ಲ, ಆಡಲು ಬರಬೇಕಾದವರೇ ಬರಲಿಲ್ಲ. ಇಲ್ಲಿ ಜನ ಬಂದರು, ಬಾಗಿಲಲ್ಲೇ ಎಡವಿದರು. ನನ್ನ ದೃಷ್ಟಿಯಲ್ಲಿ ವೈಲ್ಡ್‌ಫ್ರಾಸ್ಟ್‌ನ ಸ್ಥಿತಿಯೇ ವಾಸಿ. ಬೈದವನು ಆಡಿರುತ್ತಾನೆ, ಅವನ ಬೈಗುಳದಲ್ಲಿ ತಿದ್ದಲು ಏನಾದರೂ ಸಿಗುತ್ತದೆ.

ಮಂಜೊಟ್ಟಿ, ತೀರ್ಥಹಳ್ಳಿ

ಕೆರೆದಂಡೆಯವರ ಮಾತಿಗೆ ಉತ್ತರ ಕೊಡುವ ಮೊದಲು ನಮ್ಮ ಮನೆಯ ಅಟ್ಟದಿಂದ ಇಳಿಸಿದ ಚೆನ್ನೆಮಣೆಯ ವಿಷಯ ಹೇಳಬೇಕು.

ಹದಿನಾಲ್ಕು ಕುಳಿ, ಕುಳಿಗೆ ನಾಲ್ಕರಂತೆ ಐವತ್ತಾರು ಬೀಜ. ನಮ್ಮಲ್ಲಿ ಮಂಜೊಟ್ಟಿ, ಅದಿಲ್ಲದಿದ್ದರೆ ಹುಣಸೆ ಬೀಜ. ಗದ್ದೆ ನಾಟಿ ಮುಗಿದು ಮಳೆ ಹೊಯ್ಯುವ ದಿನಗಳಲ್ಲಿ ಅಜ್ಜಿ ಜಗಲಿಗೆ ಮಣೆ ತರುತ್ತಿದ್ದರು. ಒಂದು ಕುಳಿಯ ಬೀಜ ಎತ್ತಿ ಒಂದೊಂದಾಗಿ ಹಾಕುತ್ತಾ ಹೋಗಬೇಕು, ಮುಗಿದ ಮೇಲೆ ಮುಂದಿನ ಕುಳಿಯಿಂದ ಎತ್ತಬೇಕು, ಖಾಲಿ ಕುಳಿ ಎದುರಾದರೆ ಅದರಾಚೆಯ ಕುಳಿಯಲ್ಲಿ ಇರುವುದೆಲ್ಲ ನಮ್ಮದು. ಇಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಕವಡೆ ಇಲ್ಲ, ಗರ ಇಲ್ಲ, ಅದೃಷ್ಟವಿಲ್ಲ. ಎಲ್ಲ ಬೀಜವೂ ಇಬ್ಬರಿಗೂ ಕಾಣುತ್ತದೆ. ಆದರೂ ಏಳು ವರ್ಷದ ನಾನು ಪ್ರತಿ ದಿನ ಸೋಲುತ್ತಿದ್ದೆ, ಪ್ರತಿ ದಿನ ‘ನೀನು ಮೋಸ ಮಾಡಿದೆ’ ಎಂದು ಅಳುತ್ತಿದ್ದೆ. ಅಜ್ಜಿ ಆಗ ಒಂದು ನಿಯಮ ಮಾಡಿದರು. ಬೀಜಕ್ಕೆ ಕೈ ಹಾಕುವ ಮೊದಲು ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಬಾಯಿ ಬಿಟ್ಟು ಹೇಳಬೇಕು. ತಪ್ಪು ಹೇಳಿದರೂ ಆಡಬಹುದು, ಆದರೆ ಹೇಳದೆ ಕೈ ಹಾಕುವಂತಿಲ್ಲ. ಹತ್ತು ಹನ್ನೆರಡು ದಿನಕ್ಕೆ ಅಳು ನಿಂತಿತು. ಗೆಲ್ಲಲು ಶುರು ಮಾಡಿದ್ದು ಬಹಳ ಆಮೇಲೆ, ಆದರೆ ಅಳು ಮೊದಲೇ ನಿಂತಿತು. ಈ ವ್ಯತ್ಯಾಸವನ್ನು ಗಮನಿಸಿ.

ವೈಲ್ಡ್‌ಫ್ರಾಸ್ಟ್‌ನ ಯುದ್ಧ ಹೆಚ್ಚುಕಡಿಮೆ ಇಂಥದ್ದೇ. ಯಾವ ಕಾರ್ಡು ಕೈಗೆ ಬರುತ್ತದೆ ಎಂಬುದಷ್ಟೇ ದೈವದ್ದು, ರಣರಂಗಕ್ಕೆ ಇಳಿದ ಮೇಲೆ ಉಳಿದದ್ದು ಬಹುಪಾಲು ಎಣಿಕೆ. ಅದಕ್ಕೇ ಆಟದಲ್ಲಿ ಅತಿ ಬೆಲೆಬಾಳುವುದು ಪೆಟ್ಟಿನ ಕಾರ್ಡಲ್ಲ, ಹಿಮದ ಕಾರ್ಡು. ಶತ್ರುವಿನ ಮೇಲೆ ಎರಡು ಹಿಮ ಹಾಕಿದರೆ ಅವನ ಎಣಿಕೆ ಎರಡು ಸರದಿ ನಿಂತಲ್ಲೇ ನಿಲ್ಲುತ್ತದೆ. ಪೆಟ್ಟು ಜೀವವನ್ನು ಕಳೆದರೆ ಹಿಮ ಕಾಲವನ್ನೇ ಕಳೆಯುತ್ತದೆ. ಅದನ್ನು ತಿಳಿದ ದಿನ ನನಗೆ ಈ ಆಟ ತೆರೆದುಕೊಂಡಿತು. ಆದರೆ ಅದನ್ನು ನನಗೆ ಹೇಳಿಕೊಟ್ಟದ್ದು ಆಟವಲ್ಲ, ಚೆನ್ನೆಮಣೆಯ ಅಭ್ಯಾಸ. ಆದ್ದರಿಂದ ಕೆರೆದಂಡೆಯವರು ಅರ್ಧ ಸರಿ ಎಂದೇ ನನ್ನ ತೀರ್ಮಾನ. ಆಟದಲ್ಲಿ ಅನ್ಯಾಯವಿಲ್ಲ, ಅಜ್ಜಿ ಇಲ್ಲ.

ತುಂಗಾತೀರ, ಶಿವಮೊಗ್ಗ

‘ಅಜ್ಜಿ ಇಲ್ಲ’ ಎಂಬ ಮಾತನ್ನು ಹಿಡಿದೇ ಮುಂದುವರಿಸುತ್ತೇನೆ. ಸ್ಲೇ ದ ಸ್ಪೈರ್‌ಗೆ ಅಂಥವರು ಇದ್ದರು. ಈ ಮಾತನ್ನು ಸಡಿಲವಾಗಿ ಹೇಳುತ್ತಿಲ್ಲ.

ಆ ಆಟ 2017ರ ನವೆಂಬರ್ 14ರಂದು ಅಪೂರ್ಣ ರೂಪದಲ್ಲೇ, ಅರ್ಲಿ ಆಕ್ಸೆಸ್ ಎಂದು ಮಾರಾಟಕ್ಕೆ ಬಂದಿತು. ಪೂರ್ಣ ಆವೃತ್ತಿ ಬಂದದ್ದು 2019ರ ಜನವರಿ 23ರಂದು. ನಡುವಿನ ಹದಿನಾಲ್ಕು ತಿಂಗಳು ಅದರ ತಯಾರಕರಾದ ಮೆಗಾ ಕ್ರಿಟ್‌ನವರು ಆಟಗಾರರು ಯಾವ ಕಾರ್ಡು ಆರಿಸುತ್ತಾರೆ, ಯಾವ ಶತ್ರುವಿನ ಎದುರು ಸಾಯುತ್ತಾರೆ ಎಂಬ ಮಾಹಿತಿಯನ್ನು ಸಂಗ್ರಹಿಸಿ, ಅದನ್ನು ನೋಡಿ ನೋಡಿ ತಿದ್ದಿದರು. ಇದರ ಬಗ್ಗೆ ಅವರೇ 2019ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಉಪನ್ಯಾಸ ಕೊಟ್ಟಿದ್ದಾರೆ. ಆ ಹದಿನಾಲ್ಕು ತಿಂಗಳಲ್ಲೂ ಜನ ಬೈದಿದ್ದಾರೆ. ಆದರೆ ಆಟವಿನ್ನೂ ಬೇಯುತ್ತಿದೆ ಎಂದು ತಿಳಿದೇ ಬೈದರು. ಅನ್ನ ಅರೆಬೆಂದಾಗ ಅಡುಗೆಮನೆಗೆ ಬಂದವನು ಉಪ್ಪು ಕಡಿಮೆ ಎಂದರೆ ಅದು ಸಲಹೆ. ಎಲೆ ಹಾಕಿ ಬಡಿಸಿದ ಮೇಲೆ ಅದೇ ಮಾತು ದೂರಾಗುತ್ತದೆ.

ವೈಲ್ಡ್‌ಫ್ರಾಸ್ಟ್ ಎಲೆಯ ಮೇಲೆಯೇ ಬಂದಿತು. ಅರ್ಲಿ ಆಕ್ಸೆಸ್‌ನ ಹಂತವಿಲ್ಲದೆ ನೇರವಾಗಿ ಪೂರ್ಣ ಆವೃತ್ತಿ. ಹೀಗಾಗಿ ಸ್ಲೇ ದ ಸ್ಪೈರ್ ಒಂದು ವರ್ಷಕ್ಕೂ ಹೆಚ್ಚು ಕಾಲ ಹಂಚಿಕೊಂಡು ತಿಂದ ಪೆಟ್ಟನ್ನು ಇದು ಒಂದೇ ವಾರದಲ್ಲಿ ತಿನ್ನಬೇಕಾಯಿತು.

‘ಮಿಶ್ರ’ ಎಂಬ ಪದದ ಬಗ್ಗೆಯೂ ಒಂದು ಮಾತು. ಸ್ಟೀಮ್ ಕೇಳುವುದು ಒಂದೇ ಪ್ರಶ್ನೆ: ಬೇರೆಯವರಿಗೆ ಶಿಫಾರಸು ಮಾಡುತ್ತೀರಾ, ಇಲ್ಲವಾ? ಹೆಬ್ಬೆರಳು ಮೇಲೆ ಅಥವಾ ಕೆಳಗೆ, ನಡುವೆ ಏನೂ ಇಲ್ಲ. ಶೇಕಡ 40ರಿಂದ 69ರಷ್ಟು ಜನ ಮೇಲೆ ಎಂದರೆ ‘ಮಿಶ್ರ’. ಅಂದರೆ ನೂರರಲ್ಲಿ ಅರವತ್ತೆಂಟು ಜನ ಮೆಚ್ಚಿದ ಆಟಕ್ಕೂ, ನಲವತ್ತೆರಡು ಜನ ಮೆಚ್ಚಿದ ಆಟಕ್ಕೂ ಒಂದೇ ಹಣೆಪಟ್ಟಿ. ವಿಮರ್ಶಕ ಹತ್ತಕ್ಕೆ ಎಂಟು ಕೊಟ್ಟು, ಎರಡು ಅಂಕ ಏಕೆ ಕಳೆದೆ ಎಂದು ವಿವರಿಸಬಲ್ಲ. ಆಟಗಾರ ಆಟವನ್ನು ಮೆಚ್ಚಿದರೂ ‘ಈ ಗಾಯದ ನಿಯಮ ಬದಲಿಸಿ’ ಎಂದು ತಯಾರಕರಿಗೆ ಕೇಳಿಸಬೇಕಾದರೆ ಅವನ ಕೈಯಲ್ಲಿ ಇರುವುದು ಕೆಳಗೆ ಮಾಡಿದ ಹೆಬ್ಬೆರಳೊಂದೇ. ಮೊದಲ ವಾರದ ಆ ಹೆಬ್ಬೆರಳುಗಳಲ್ಲಿ ಎಷ್ಟೋ ಈ ಬಗೆಯವು, ಪ್ರೀತಿಯಿಂದ ಬಂದ ಸಿಟ್ಟು. ಹಲವರು ಉದ್ದಕ್ಕೆ ಬರೆದಿದ್ದಾರೆ, ಕಾರ್ಡುಗಳ ಹೆಸರು ಹಿಡಿದು ಬರೆದಿದ್ದಾರೆ. ಬೇಡವಾದ ವಸ್ತುವಿನ ಬಗ್ಗೆ ಯಾರೂ ಅಷ್ಟು ಬರೆಯುವುದಿಲ್ಲ.

ತಯಾರಕರು ಅದನ್ನು ಓದಿದರು ಎಂಬುದಕ್ಕೆ ಸಾಕ್ಷಿ ಇದೆ. ಬಿಡುಗಡೆಯಾದ ಬೆನ್ನಿಗೇ ಕಷ್ಟವನ್ನು ಇಳಿಸುವ ತಿದ್ದುಪಡಿಗಳು ಬಂದವು, ಆಮೇಲೆ ದೊಡ್ಡ ಪರಿಷ್ಕರಣೆಗಳೂ ಬಂದವು. ಕಠಿಣ ಬೇಕೆನ್ನುವವರಿಗೆ ಬಿರುಗಾಳಿಯ ಗಂಟೆಗಳು (ಸ್ಟಾರ್ಮ್ ಬೆಲ್ಸ್) ಎಂಬ ಏರ್ಪಾಡು ಇದೆ. ಎಷ್ಟು ಗಂಟೆ ಕಟ್ಟಿಕೊಳ್ಳುತ್ತೀರೋ ಅಷ್ಟು ಕಷ್ಟ. ಕಷ್ಟವನ್ನು ಆಟಗಾರನೇ ಕೇಳಿ ಪಡೆಯುವಂತಾಯಿತು. ಸರಿಯಾದ ದಾರಿ ಇದೇ ಎಂದು ನನ್ನ ನಂಬಿಕೆ.

ಘಟ್ಟದ ಹಾದಿ, ಹೆಗ್ಗೋಡು

ನಮ್ಮೂರಿನ ನೀನಾಸಂ ಸಂಸ್ಕೃತಿ ಶಿಬಿರಕ್ಕೆ ಬಂದವರಿಗೆ ಇದು ಗೊತ್ತಿರುತ್ತದೆ. ರಾತ್ರಿ ನಾಟಕ ನೋಡುತ್ತೇವೆ, ಅದರ ಚರ್ಚೆ ನಡೆಯುವುದು ಮಾರನೆಯ ಬೆಳಿಗ್ಗೆ. ಪರದೆ ಬಿದ್ದ ಕೂಡಲೇ ಯಾರನ್ನಾದರೂ ಕೇಳಿದರೆ ಸಿಗುವುದು ಮೈಬಿಸಿ. ನಿದ್ದೆ ಮಾಡಿ, ತಿಂಡಿ ತಿಂದು ಕುಳಿತಾಗ ಅದೇ ಮನುಷ್ಯ ಬೇರೆ ಮಾತಾಡುತ್ತಾನೆ. ರಾತ್ರಿ ‘ಅರ್ಥವಾಗಲಿಲ್ಲ’ ಎಂದವನು ಬೆಳಿಗ್ಗೆ ‘ಎರಡನೆಯ ಅಂಕದಲ್ಲಿ ಬೆಳಕು ಹಾಗೇಕಿತ್ತು’ ಎಂದು ಕೇಳುತ್ತಾನೆ. ಇದನ್ನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ.

ಆಟದ ಅಂಗಡಿಗಳಲ್ಲಿ ಈ ಬೆಳಿಗ್ಗೆಗೆ ಜಾಗವಿದೆ, ಆದರೆ ನೋಡುವವರು ಕಡಿಮೆ. ಸ್ಟೀಮ್ ಕಳೆದ ಮೂವತ್ತು ದಿನಗಳ ಅಭಿಪ್ರಾಯವನ್ನು ಒಟ್ಟು ಅಭಿಪ್ರಾಯದಿಂದ ಬೇರೆಯಾಗಿ ತೋರಿಸುತ್ತದೆ, ತಿಂಗಳು ತಿಂಗಳಿನ ನಕ್ಷೆಯನ್ನೂ ಕೊಡುತ್ತದೆ. ತಮ್ಮ ಹಳೆಯ ಬರಹವನ್ನು ತಿದ್ದಿ ಹೆಬ್ಬೆರಳು ಮೇಲೆ ಮಾಡಲು ಆಟಗಾರರಿಗೂ ಅವಕಾಶವಿದೆ. ಮೊದಲ ವಾರದ ಸುದ್ದಿ ಓದಿದವರಲ್ಲಿ ಎಷ್ಟು ಜನ ಅಲ್ಲಿಗೆ ಮರಳಿ ಹೋಗುತ್ತಾರೆ? ಇನ್ನೊಂದು ನೋವು: ಈ ವಿಮರ್ಶೆಗಳಲ್ಲಿ ಕನ್ನಡದ್ದು ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ. ಸ್ಟೀಮ್ ಅನ್ನು ಬಳಸಲು ಆರಿಸಿಕೊಳ್ಳಬಹುದಾದ ಭಾಷೆಗಳಲ್ಲೇ ಕನ್ನಡವಿಲ್ಲ. ಮಂಜೊಟ್ಟಿಯವರು ಮೇಲೆ ಬರೆದದ್ದು ನಾನು ಓದಿದ ಯಾವ ಇಂಗ್ಲಿಷ್ ವಿಮರ್ಶೆಗೂ ಕಡಿಮೆಯಿಲ್ಲ. ಚೆನ್ನೆಮಣೆಯಿಂದ ಈ ಆಟದ ಒಳಗೆ ಹೋಗುವ ದಾರಿ ನಮ್ಮವರಿಗಲ್ಲದೆ ಇನ್ಯಾರಿಗೆ ತೋಚಬೇಕು? ಇಂಥವನ್ನು ನಾವೇ ಬರೆಯುತ್ತಿರಬೇಕು.

ಕೆರೆದಂಡೆ, ಸಾಗರ

ನಾಲ್ಕು ದಿನ ಸುಮ್ಮನಿದ್ದೆ. ಮಂಜೊಟ್ಟಿಯವರ ‘ಅಳು ಮೊದಲೇ ನಿಂತಿತು’ ಎಂಬ ಮಾತು ತಲೆಯಿಂದ ಹೋಗಲಿಲ್ಲ. ಈ ಆಟ 2024ರಲ್ಲಿ ಮೊಬೈಲಿಗೂ ಬಂದಿದೆ, ಅದನ್ನು ಹಾಕಿಕೊಂಡೆ. ಗಾಯದ ನಿಯಮದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಕಾರ್ಡು ಇಡುವ ಮೊದಲು ‘ಮುಂದಿನ ಪೆಟ್ಟು ಯಾರದ್ದು, ಯಾರಿಗೆ’ ಎಂದು ಬಾಯಿ ಬಿಟ್ಟು ಹೇಳಿ ಆಡುತ್ತಿದ್ದೇನೆ. ಮನೆಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಕೈಯಲ್ಲಿ ಬೇಕಾದ ಕಾರ್ಡು ಇಲ್ಲದಾಗ ಗಂಟೆ ಬಾರಿಸಿ ಹೊಸ ಕಾರ್ಡು ತೆಗೆಯುತ್ತೇನೆ, ಪ್ರತಿ ಸಲ ಆ ಸರದಿಯಲ್ಲೇ ಪೆಟ್ಟು ಬೀಳುತ್ತದೆ. ಏನು ತಪ್ಪು ಮಾಡುತ್ತಿದ್ದೇನೆ?

ಮಂಜೊಟ್ಟಿ, ತೀರ್ಥಹಳ್ಳಿ

ಗಂಟೆಗೂ ಒಂದು ಎಣಿಕೆ ಇದೆ, ಅದನ್ನು ನೋಡಿ. ಅದು ಇಳಿದು ಮುಗಿದ ಮೇಲೆ ಬಾರಿಸಿದರೆ ಸರದಿ ಖರ್ಚಾಗುವುದಿಲ್ಲ, ಹೊಸ ಕಾರ್ಡು ತೆಗೆದು ಅದೇ ಸರದಿಯಲ್ಲಿ ಆಡಬಹುದು. ಮೊದಲೇ ಬಾರಿಸಿದರೆ ಸರದಿ ಕಳೆಯುತ್ತದೆ. ನೀವು ಗಂಟೆಯನ್ನು ಗಾಬರಿಯಾದಾಗ ಮುಟ್ಟುತ್ತಿದ್ದೀರಿ. ಅದು ತುಂಬುವ ಸರದಿಯನ್ನು ಮೊದಲೇ ಲೆಕ್ಕ ಹಾಕಿ, ಅಲ್ಲಿಯವರೆಗೆ ಕೈಯಲ್ಲಿರುವ ಸಣ್ಣ ಕಾರ್ಡುಗಳನ್ನು ಖರ್ಚು ಮಾಡಿ.

ಇನ್ನೊಂದು ಮಾತು. ಜೀವ ಕಡಿಮೆಯಾದ ಗೆಳೆಯನನ್ನು ಸಾಯುವವರೆಗೆ ನಿಲ್ಲಿಸಬೇಡಿ. ಹಿಂದಕ್ಕೆ ಕರೆಸಿಕೊಂಡರೆ ಚೇತರಿಸಿಕೊಳ್ಳುತ್ತಾನೆ, ಮುಂದೆ ಮತ್ತೆ ಕೈಗೆ ಬರುತ್ತಾನೆ. ನಿಮ್ಮನ್ನು ನೋಯಿಸಿದ ಗಾಯದ ನಿಯಮ ಇರುವುದು ಬಿದ್ದವರಿಗೆ ಮಾತ್ರ, ಮರಳಿ ಬಂದವರಿಗೆ ಅಲ್ಲ. ಎರಡು ಸಲ ದಂಡ ಎಂದಿರಿ, ದಂಡಕ್ಕಿಂತ ಮೊದಲು ಒಂದು ಬಾಗಿಲು ಇಟ್ಟಿದ್ದಾರೆ. ಅದನ್ನು ಇನ್ನೂ ದೊಡ್ಡದಾಗಿ ತೋರಿಸಬೇಕಿತ್ತು ಎಂಬುದನ್ನು ನಿಮ್ಮೊಂದಿಗೆ ನಾನೂ ಹೇಳುತ್ತೇನೆ.

ತುಂಗಾತೀರ, ಶಿವಮೊಗ್ಗ

ಹಿಂದಕ್ಕೆ ಕರೆಸಿಕೊಳ್ಳುವುದನ್ನು ನಾನೂ ಬಹಳ ದಿನ ಬಳಸಿರಲಿಲ್ಲ. ಗೆಳೆಯನನ್ನು ರಣರಂಗದಿಂದ ತೆಗೆದರೆ ಸೋತಂತೆ ಎಂಬ ಭಾವನೆ ಇತ್ತು.

ಕೆರೆದಂಡೆ, ಸಾಗರ

ನಿನ್ನೆ ರಾತ್ರಿ ಮೊದಲ ಸಲ ಗೆದ್ದೆ. ಹೊರಗೆ ಮಳೆ, ಕರೆಂಟು ಇಲ್ಲ, ಮೊಬೈಲಿನ ಬ್ಯಾಟರಿ ಶೇಕಡ 11. ಕೊನೆಯ ಶತ್ರು ಬಿದ್ದಾಗ ಕೂಗಿಬಿಟ್ಟೆ. ಸ್ಟೀಮ್‌ನಲ್ಲಿ ಕೆಳಗೆ ಮಾಡಿದ್ದ ಹೆಬ್ಬೆರಳನ್ನು ಇನ್ನೂ ಬದಲಿಸಿಲ್ಲ. ಆಗ ಬರೆದದ್ದು ಆಗಿನ ಆಟಕ್ಕೆ ನಿಜ. ಅದರ ಕೆಳಗೆ ಈಗಿನ ಆಟದ ಬಗ್ಗೆ ಬೇರೆಯಾಗಿ, ಕನ್ನಡದಲ್ಲೇ ಬರೆಯುತ್ತೇನೆ.

ಆದರೆ ನಿಮ್ಮಲ್ಲಿ ಯಾರೂ ಮುಂದಿನದನ್ನು ಹೇಳಿರಲಿಲ್ಲ, ಬೇಕೆಂದೇ ಹೇಳಲಿಲ್ಲ ಅನ್ನಿಸುತ್ತದೆ. ಇವತ್ತು ಹೊಸ ನಾಯಕಿಯೊಂದಿಗೆ ಹೊರಟು, ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೊನೆಯ ಯುದ್ಧಕ್ಕೆ ಬಂದೆ. ಎದುರಿಗೆ ನಿಂತವರು ನನ್ನವರೇ. ನಿನ್ನೆ ಗೆದ್ದ ನನ್ನ ನಾಯಕಿ, ನಿನ್ನೆ ನನ್ನ ಜೊತೆ ನಿಂತ ಗೆಳೆಯರು, ಎಲ್ಲರಿಗೂ ಹಿಮ ಹಿಡಿದಿದೆ. ಹಿಂದಿನ ಸಾಲಿನಲ್ಲಿ ಹಿಮ ಎರಚುವವನು, ಅವನ ಕಾರ್ಡಿಗೆ ಬಲ ಕೊಡುವ ತಾಯತವನ್ನು ಆರಿಸಿ ಕಟ್ಟಿದ್ದು ನಾನೇ. ಅವನು ಎಷ್ಟು ಅಪಾಯಕಾರಿ ಎಂದು ನನಗಿಂತ ಚೆನ್ನಾಗಿ ತಿಳಿದವರಿಲ್ಲ.

ಅವನ ಎಣಿಕೆ ಮೂರು. ನನ್ನ ಗಂಟೆಯದ್ದು ಎರಡು. ಇನ್ನೂ ಕಾರ್ಡು ಇಟ್ಟಿಲ್ಲ, ಬಾಯಿ ಬಿಟ್ಟು ಎಣಿಸುತ್ತಿದ್ದೇನೆ.